ಮೇಣದ ಬತ್ತಿ ಮಾಡದವಳು

ನಲವತ್ತೊಂದು ಜನರ ತರಗತಿಯಲ್ಲಿ ಮೂವತ್ತೆಂಟು ಜನ ಮೇಣದ ಬತ್ತಿ ತಯಾರಿಕೆಯ ಯೋಜನಾ ವರದಿ ಕೊಟ್ಟಿದ್ದರು. ಇಬ್ಬರದು ಬ್ಯೂಟಿ ಪಾರ್ಲರ್. ಒಬ್ಬಳು ಏನೂ ಕೊಟ್ಟಿರಲಿಲ್ಲ.

ಮೂವತ್ತೆಂಟಕ್ಕೂ ಒಂದೇ ನೀಲಿ ರಟ್ಟು, ಒಂದೇ ಮುನ್ನುಡಿ. ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹೆಸರು ಮತ್ತು ರೋಲ್ ನಂಬರ್ ಮಾತ್ರ ಬದಲಾಯಿಸಿ ಕೊಡುತ್ತಿದ್ದರು. ಎರಡು ಪ್ರತಿಗಳಲ್ಲಿ ಹಿಂದಿನ ವರ್ಷದ ಹುಡುಗನ ಹೆಸರೇ ಉಳಿದುಬಿಟ್ಟಿತ್ತು.

ಇದು 2006ನೇ ಇಸವಿಯ ಅಕ್ಟೋಬರ್ ಕೊನೆಯ ಮಾತು. ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ನಾನು ಅಂತಿಮ ಬಿ.ಕಾಂ.ಗೆ ಉದ್ಯಮಶೀಲತೆ ಪಾಠ ಮಾಡುತ್ತಿದ್ದೆ. ಅತಿಥಿ ಉಪನ್ಯಾಸಕ, ಅಂದರೆ ಆರಾರು ತಿಂಗಳಿಗೆ ಒಂದು ಆದೇಶ. ನನ್ನೂರು ತೊಂಡೇಬಾವಿ. ಚಿಕ್ಕಬಳ್ಳಾಪುರದಲ್ಲಿ ಒಂದು ಕೋಣೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದೆ.

ನೀಲಿ ರಟ್ಟುಗಳನ್ನು ಮೇಜಿನ ಮೇಲೆ ಜೋಡಿಸಿ, ಮೊದಲ ಬೆಂಚಿನ ಸಿದ್ಧಾರ್ಥನನ್ನು ಎಬ್ಬಿಸಿ ಕೇಳಿದೆ. "ಏನಪ್ಪ, ಮೇಣ ಕರಗೋಕೆ ಎಷ್ಟು ಬಿಸಿ ಬೇಕು?"

"ಅದು ಸೈನ್ಸ್ ಸಾರ್. ನಾವು ಕಾಮರ್ಸು."

ತರಗತಿ ನಕ್ಕಿತು. ನನಗೂ ನಗು ಬಂತು, ಆದರೆ ತೋರಿಸಲಿಲ್ಲ. "ಒಂದಾದರೂ ಮೇಣದ ಬತ್ತಿ ಮಾಡಿದ್ದೀಯಾ?"

"ಕರೆಂಟ್ ಹೋದಾಗ ಹಚ್ಚಿದೀನಿ ಸಾರ್." ಆಮೇಲೆ ತಲೆ ಕೆರೆದುಕೊಂಡು, ವಿನಯದಿಂದಲೇ ಕೇಳಿದ. "ಸಾರ್, ತಪ್ಪು ತಿಳ್ಕೋಬೇಡಿ. ನೀವು ಯಾವ ಬಿಸಿನೆಸ್ ಮಾಡಿದೀರ?"

ಈ ಪ್ರಶ್ನೆ ಒಂದಲ್ಲ ಒಂದು ದಿನ ಬರುತ್ತದೆಂದು ಜುಲೈಯಿಂದ ಹೆದರಿಕೊಂಡೇ ಇದ್ದೆ. ನಾನು ಮಾಡಿದ್ದು ಬೆಂಗಳೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ. ಹಗಲು ಬಿಲ್ಲು, ಸಂಜೆ ಆರರಿಂದ ಕಾಲೇಜು. ನನ್ನ ಬಿ.ಕಾಂ., ಎಂ.ಕಾಂ. ಎರಡೂ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಆದವು. ಉದ್ಯಮಿಯ ಲಕ್ಷಣಗಳು ಹನ್ನೆರಡೆಂದು ಪುಸ್ತಕ ಹೇಳುತ್ತದೆ. ಮೊದಲನೆಯದು ಅಪಾಯವನ್ನು ಎದುರಿಸುವ ಧೈರ್ಯ. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಕೈ ಹೊರಗೆ ಚಾಚದ ಮನುಷ್ಯ.

"ಯಾವುದೂ ಇಲ್ಲಪ್ಪ" ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿ ಅನ್ನಿಸಿತು.

ಏನೂ ಕೊಡದ ಆ ಒಬ್ಬಳ ಹೆಸರು ತನುಜ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು, ಬಂದ ದಿನ. ನಲವತ್ತೆಂಟು ತರಗತಿಗಳಲ್ಲಿ ಮೂವತ್ತಮೂರಕ್ಕೆ ಮಾತ್ರ ಬಂದಿದ್ದಳು. ಒಟ್ಟು ಅರವತ್ತು ತರಗತಿ ಆಗಬೇಕು, ಪರೀಕ್ಷೆಗೆ ಕೂರಲು ನಲವತ್ತೈದು ಹಾಜರಾತಿ ಬೇಕು. ಅಂದರೆ ಉಳಿದ ಹನ್ನೆರಡಕ್ಕೆ ಹನ್ನೆರಡೂ ಬರಬೇಕು. ಒಂದು ತಪ್ಪಿದರೂ ಹಾಲ್ ಟಿಕೆಟ್ ಇಲ್ಲ, ವರ್ಷ ಹಾಳು.

ಪ್ರಿನ್ಸಿಪಾಲ್ ಮಧುಸೂದನ್ ಸಾರ್ ನನ್ನನ್ನು ಕೋಣೆಗೆ ಕರೆಸಿದರು. ಕೆಟ್ಟವರಲ್ಲ, ದಣಿದವರು. ವಿಶ್ವವಿದ್ಯಾಲಯದವರು ತಪಾಸಣೆಗೆ ಬರುವ ವರ್ಷ ಅದು.

"ಕನಕರಾಜ್, ಬೇರೆ ಐದು ಸಬ್ಜೆಕ್ಟಲ್ಲೂ ಆ ಹುಡುಗಿ ಹಾಜರಾತಿ ಸರಿ ಇದೆ. ನಿಮ್ಮದರಲ್ಲಿ ಮಾತ್ರ ಶಾರ್ಟೇಜು. ಹೇಗೆ?"

"ಸಾರ್, ಒಂದೇ ದಿನ ಅವಳು ಅಲ್ಲಿ ಇದ್ದು ಇಲ್ಲಿ ಇಲ್ಲದೆ ಇರೋಕಾಗಲ್ಲ."

ಅವರು ಕನ್ನಡಕ ತೆಗೆದರು. "ಅದು ನನಗೂ ಗೊತ್ತು ಕಣ್ರಿ. ನಮ್ಮ ಮೇಷ್ಟ್ರುಗಳು ಒಳ್ಳೆಯವರು, ಪ್ರೆಸೆಂಟ್ ಹಾಕ್ತಾರೆ. ನೀವೂ ಹಾಕಿ. ಒಂದು ಮೇಣದ ಬತ್ತಿ ರಿಪೋರ್ಟ್ ತಂದುಕೊಡೋಕೆ ಹೇಳಿ. ಮಗು ಪಾಸಾಗಲಿ, ಮದುವೆ ಗಿದುವೆ ಆಗಲಿ."

ತಲೆ ಸಿಡಿಯತೊಡಗಿತು. ನನಗೆ ಗಾಬರಿಯಾದಾಗಲೆಲ್ಲ ಹಣೆಯ ಎರಡೂ ಬದಿ ಹಿಡಿದುಕೊಳ್ಳುತ್ತದೆ. ಜೇಬಿನಲ್ಲಿ ಮುಲಾಮಿನ ಪುಟ್ಟ ಡಬ್ಬಿ ಸದಾ ಇರುತ್ತಿತ್ತು. ಹೊರಗೆ ಬಂದು ಹಚ್ಚಿಕೊಂಡೆ. ಅವಳ ಕಷ್ಟಕ್ಕೆ ನನ್ನ ಪೆನ್ನೊಂದೇ ಕಾರಣ ಎಂಬುದು ನಿಜ. ಹದಿನೈದು ಸಣ್ಣ ಗೆರೆ ಎಳೆದರೆ ಮುಗಿಯಿತು. ಆದರೆ ನಾನು ಓದಿದ ಸಂಜೆ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಎಲ್ಲರಿಗೂ ಪ್ರೆಸೆಂಟ್ ಹಾಕಿ ಆರೂಕಾಲಿಗೆ ಮನೆಗೆ ಹೋಗುತ್ತಿದ್ದರು. ನಾನು ಅಂಗಡಿಯಿಂದ ಓಡೋಡಿ ಬಂದರೆ ಖಾಲಿ ಕೋಣೆ. ರಿಜಿಸ್ಟರಿನ ಪ್ರಕಾರ ಅಲ್ಲಿ ಅರವತ್ತು ಜನ ಪಾಠ ಕೇಳುತ್ತಿದ್ದರು. ಆ ಸುಳ್ಳಿಗೆ ಎಲ್ಲರೂ ಖುಷಿಯಾಗಿದ್ದರು. ನಾನೊಬ್ಬ ಮೋಸ ಹೋಗಿದ್ದೆ.

ಮಾರನೆಯ ದಿನ ತನುಜ ಬಂದಳು. ಕಾರಿಡಾರಿನಲ್ಲಿ ನಿಲ್ಲಿಸಿ ಲೆಕ್ಕ ಹೇಳಿದೆ. ಪ್ರಿನ್ಸಿಪಾಲರು ಏನು ಹೇಳಿದ್ದಾರೆಂಬುದನ್ನೂ ಹೇಳಿಬಿಟ್ಟೆ. ಹೇಳಬಾರದಿತ್ತೇನೋ.

ಅವಳು ಸಣಕಲು ಹುಡುಗಿ. ಬೆರಳ ತುದಿಗಳೆಲ್ಲ ಬಿದಿರು ಸಿಬಿರು ಚುಚ್ಚಿ ಕಪ್ಪಗಾಗಿದ್ದವು. "ನಂಗೆ ಸುಳ್ಳು ಪ್ರೆಸೆಂಟ್ ಬೇಡ ಸಾರ್" ಅಂದಳು.

"ಹಾಗಾದ್ರೆ ಉಳಿದ ಹನ್ನೆರಡೂ ಬಾಮ್ಮ."

"ಬರೋಕಾಗಲ್ಲ ಸಾರ್. ಈ ಎರಡು ವಾರ ಆರು ಊರಲ್ಲಿ ಹುಳ ಹಣ್ಣಾಗ್ತವೆ."

"ಮತ್ತೇನು ಮಾಡಲಿ ಹೇಳು?"

"ಆಬ್ಸೆಂಟ್ ಹಾಕಿ. ಆದ್ರೆ ಪಕ್ಕದಲ್ಲಿ ನಾನು ಎಲ್ಲಿದ್ದೆ ಅಂತಾನೂ ಬರೀರಿ." ಅವಳ ದನಿ ಏರಲಿಲ್ಲ. "ಮೂರು ವರ್ಷದಿಂದ ಒಬ್ರು ಸುಮ್ನೆ ಪ್ರೆಸೆಂಟ್ ಹಾಕ್ತಾರೆ, ಒಬ್ರು 'ಬಂದಿಲ್ಲ' ಅಂತ ಬರ್ಕೊಂತಾರೆ, ಎಲ್ಲಿಗೆ ಹೋದೆ ಅಂತ ಒಬ್ರೂ ಕೇಳಿಲ್ಲ ಸಾರ್."

ನಾನೂ ಕೇಳಿರಲಿಲ್ಲ. ಆಗ ಕೇಳಿದೆ.

ಅವರ ಮನೆಯವರದು ಚಂದ್ರಿಕೆ ಬಾಡಿಗೆಗೆ ಕೊಡುವ ಕಸುಬು. ಚಂದ್ರಿಕೆ ಎಂದರೆ ಮಂಚದಷ್ಟು ಅಗಲದ ಬಿದಿರ ತಟ್ಟೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ. ಹಣ್ಣಾದ, ಅಂದರೆ ಮೇವು ಮುಗಿಸಿ ದಾರ ಬಿಡಲು ಸಿದ್ಧವಾದ ರೇಷ್ಮೆ ಹುಳವನ್ನು ಅದರ ಮೇಲೆ ಬಿಟ್ಟರೆ ಸುರುಳಿಯ ಸಂದಿನಲ್ಲಿ ಗೂಡು ಕಟ್ಟುತ್ತದೆ. ರೈತನಿಗೆ ಅದು ತಿಂಗಳಿಗೆ ಐದಾರು ದಿನ ಮಾತ್ರ ಬೇಕು, ಆದ್ದರಿಂದ ಬಾಡಿಗೆಗೆ ತರುತ್ತಾನೆ. ಬೇಕಾದ ದಿನ ಮಾತ್ರ ಬೇಕೇ ಬೇಕು. ಹಣ್ಣಾದ ಹುಳ ಕಾಯುವುದಿಲ್ಲ. ಚಂದ್ರಿಕೆ ಬರದಿದ್ದರೆ ಸೊಪ್ಪಿನ ಮೇಲೇ ದಾರ ಬಿಟ್ಟು ಬೆಳೆ ಹಾಳಾಗುತ್ತದೆ.

"ಅಪ್ಪ ಟೆಂಪೋ ಓಡಿಸ್ತಾರೆ, ಅಮ್ಮ ತೊಳೀತಾರೆ. ಯಾವ ದಿನ ಯಾವ ಊರು ಅನ್ನೋದು ನಂದು ಸಾರ್" ಅಂದಳು. ನೋಟ್‌ಬುಕ್ಕಿನ ಹಿಂದಿನ ಪುಟ ತೋರಿಸಿದಳು. ಹಳ್ಳಿಯ ಹೆಸರು, ರೈತನ ಹೆಸರು, ಮರಿಹುಳ ತಂದ ದಿನ, ಮೂರನೇ ಜ್ವರ, ನಾಲ್ಕನೇ ಜ್ವರ, ಹಣ್ಣು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದನ್ನು ಈ ಕಡೆ ಜ್ವರ ಎನ್ನುತ್ತಾರಂತೆ. ಚಳಿ ಹೆಚ್ಚಾದರೆ ಎರಡು ದಿನ ಮುಂದಕ್ಕೆ, ಸೊಪ್ಪು ಎಳೆಯದಾದರೆ ಅರ್ಧ ದಿನ ಹಿಂದಕ್ಕೆ. ಪಕ್ಕದ ಪುಟದಲ್ಲಿ, ನನ್ನದೇ ಪಾಠ: 'ಬೇಡಿಕೆಯ ಮುನ್ನಂದಾಜು, ಪ್ರೊ. ಕನಕರಾಜ್.' ಆ ಪಾಠವನ್ನು ನಾನು ಪುಸ್ತಕ ನೋಡಿ ಓದಿ ಹೇಳಿದ್ದೆ. ಅವಳು ಅದನ್ನು ಅಷ್ಟರಲ್ಲಾಗಲೇ ನಾಲ್ಕು ವರ್ಷದಿಂದ ಮಾಡುತ್ತಿದ್ದಳು.

"ಇದನ್ನೇ ಯಾಕಮ್ಮ ಪ್ರಾಜೆಕ್ಟ್ ಮಾಡಲಿಲ್ಲ?"

"ಇದು ಮನೆ ಕೆಲ್ಸ ಸಾರ್" ಅಂದಳು. "ಬಿಸಿನೆಸ್ ಅಂದ್ರೆ ಮೇಣದ ಬತ್ತಿ ಅಲ್ವಾ?"

ಅವತ್ತು ಕೋಣೆಗೆ ಹೋಗಿ ಪಠ್ಯಕ್ರಮದ ಪುಸ್ತಿಕೆಯನ್ನು ಮೊದಲಿನಿಂದ ಓದಿದೆ. ಐದನೇ ಘಟಕ: 'ಸ್ಥಳೀಯ ಉದ್ಯಮದಲ್ಲಿ ಕ್ಷೇತ್ರಕಾರ್ಯ, ಹನ್ನೆರಡು ಗಂಟೆ.' ನಾಲ್ಕು ತಿಂಗಳಿಂದ ಈ ಪುಸ್ತಿಕೆ ನನ್ನ ಚೀಲದಲ್ಲೇ ಇತ್ತು. ಕಾಲೇಜಿನಲ್ಲಿ ಯಾರೂ ಈ ಹನ್ನೆರಡು ಗಂಟೆ ಮಾಡಿರಲಿಲ್ಲ. ಹಳೆಯ ರಿಜಿಸ್ಟರುಗಳಲ್ಲಿ 'ಪುನರಾವರ್ತನೆ' ಎಂದು ಬರೆದು ಮುಗಿಸಿದ್ದರು.

ಆ ಹನ್ನೆರಡು ಗಂಟೆಯ ಪಾಠವನ್ನು ತನುಜಳ ಚಂದ್ರಿಕೆ ಅಂಗಳದಲ್ಲೇ ಮಾಡಲು ಅನುಮತಿ ಪತ್ರ ಬರೆದುಕೊಂಡು ಹೋದೆ. ಮಧುಸೂದನ್ ಸಾರ್ ಓದಿ ಹಾಗೇ ಮಡಚಿದರು.

"ಚಂದ್ರಿಕೆ ಅಂಗಳಕ್ಕೆ ನಲವತ್ತು ಮಕ್ಕಳನ್ನ ಕರ್ಕೊಂಡು ಹೋಗ್ತೀರಾ? ಅವರಪ್ಪಂದಿರು ಆ ಕೆಲಸದಿಂದ ತಪ್ಪಿಸ್ಕೊಳ್ಳಲಿ ಅಂತಲೇ ಇಲ್ಲಿಗೆ ಕಳಿಸಿರೋದು. ಬೇಡ."

"ಸಾರ್, ಸಿಲಬಸ್ಸಲ್ಲಿ..."

"ಬೇಡ ಅಂದೆ. ಜನವರಿಯಲ್ಲಿ ನಿಮ್ಮ ಆದೇಶ ರಿನ್ಯೂ ಆಗ್ಬೇಕಲ್ವಾ?"

ಸರಿ ಸಾರ್ ಎಂದು ಹೊರಗೆ ಬಂದೆ. ಎಷ್ಟೋ ಸಲ ಹಾಗೆ ಬಂದಿದ್ದೇನೆ. ಆದರೆ ಮಾರನೆಯ ದಿನ ಮಧ್ಯಾಹ್ನ ತರಗತಿಗೆ ಹೋದಾಗ ನನ್ನ ಬಾಯಿಂದ ಬಂದದ್ದು ಬೇರೆ. "ಪುಸ್ತಕ ಒಳಗಿಡಿ. ಚಿಂತಾಮಣಿ ರಸ್ತೆಗೆ ಹೋಗಣ. ದಿನಕ್ಕೆ ಎರಡು ಗಂಟೆ, ಆರು ದಿನ. ಹಾಜರಿ ಅಲ್ಲೇ ಕೂಗ್ತೀನಿ." ಹೊರಡುವ ಮುಂಚೆ ಮುಲಾಮು ಎರಡು ಸಲ ಹಚ್ಚಿಕೊಂಡೆ.

ಇಪ್ಪತ್ತಾರು ಜನ ಬಂದರು. ಅರ್ಧದಷ್ಟು ಜನ ಪಾಠ ತಪ್ಪಿತೆಂದು ಬಂದವರೇ.

ಅಂಗಳ ಊರಾಚೆ ಒಂದೂವರೆ ಕಿಲೋಮೀಟರ್. ಬೇಲಿಯುದ್ದಕ್ಕೂ ಚಂದ್ರಿಕೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ್ದರು. ಒಂದು ಕಡೆ ಬ್ಲೀಚಿಂಗ್ ಪೌಡರ್ ನೀರಿನ ಸಿಮೆಂಟ್ ತೊಟ್ಟಿ, ಅದರ ಪಕ್ಕ ಸೀಮೆಎಣ್ಣೆ ಬ್ಲೋ ಲ್ಯಾಂಪ್. ಹಿಂದೆ ಅವರದೇ ಪುಟ್ಟ ಹುಳುಮನೆ. ತನುಜಳ ತಾಯಿ ಆಂಜಿನಮ್ಮ ಸೀರೆ ಎತ್ತಿ ಕಟ್ಟಿ ತೊಟ್ಟಿಯ ಹತ್ತಿರ ನಿಂತಿದ್ದರು.

ಇದನ್ನೆಲ್ಲ ನೋಡಿ ನನಗೆ ಉತ್ಸಾಹ ಬಂತು. ಒಣಗಿಸಿ ಜೋಡಿಸಿಟ್ಟಿದ್ದ ಒಂದು ಸಾಲಿನ ಮೇಲೆ ಕೈಯಾಡಿಸುತ್ತ, ಒಂದೊಂದನ್ನೇ ಎತ್ತಿ ತೋರಿಸುತ್ತ ಪಾಠ ಶುರು ಮಾಡಿದೆ. "ನೋಡಿ, ಇದು ಸ್ಥಿರ ಬಂಡವಾಳ. ಒಂದೇ ಚಂದ್ರಿಕೆ ವರ್ಷಕ್ಕೆ..."

"ಆಗು ಸಾರೂ, ಆಗು!" ನಿಲ್ಲು ನಿಲ್ಲು ಎಂದು ತೆಲುಗಿನಲ್ಲಿ ಕೂಗಿಕೊಂಡು ಆಂಜಿನಮ್ಮ ಬಂದರು. ನನ್ನ ಮುಂದೆ ನಿಂತು ಮೂಗಿನಿಂದ ಎಳೆದರು. "ಏನದು ವಾಸ್ನೆ? ಏನ್ ಹಚ್ಕೊಂಡಿದೀರ?"

"ತಲೆನೋವಿಗೆ... ಮುಲಾಮು."

"ಅಯ್ಯೋ ನನ್ನಪ್ಪಾ! ಆ ಕೈಯಲ್ಲಿ ಎಷ್ಟು ಮುಟ್ಟಿದ್ರಿ?"

ಇಪ್ಪತ್ತು ಮುಟ್ಟಿದ್ದೆ. ರೇಷ್ಮೆ ಹುಳಕ್ಕೆ ಘಾಟು ಆಗದು. ಹೊಗೆಸೊಪ್ಪು, ಊದುಬತ್ತಿ, ಸೆಂಟು, ಯಾವುದನ್ನೂ ಹತ್ತಿರ ಬಿಡುವುದಿಲ್ಲ. ಹಣ್ಣು ಹುಳಕ್ಕೆ ಘಾಟು ಬಡಿದರೆ ಗೂಡು ಕಟ್ಟದೆ ಅಲೆಯುತ್ತದೆ. ಇದು ಆ ತರಗತಿಯ ಪ್ರತಿ ಹುಡುಗನಿಗೂ ಗೊತ್ತಿತ್ತು, ಮೇಷ್ಟ್ರಿಗೆ ಮಾತ್ರ ಗೊತ್ತಿರಲಿಲ್ಲ.

"ಅವು ನಾಕು ಗಂಟೆಗೆ ಹೋಗ್ಬೇಕಿತ್ತು ಸಾರ್" ಅಂದಳು ತನುಜ. ಬೈಯಲಿಲ್ಲ. ಇಪ್ಪತ್ತನ್ನೂ ಬೇರೆ ಎಳೆದಿಟ್ಟಳು. "ಮತ್ತೆ ತೊಳೀಬೇಕು. ಅಮ್ಮಂಗೆ ಒಬ್ಬಳಿಗೆ ಆಗಲ್ಲ."

ಸಿದ್ಧಾರ್ಥ ಪ್ಯಾಂಟಿನ ತುದಿ ಮಡಚುತ್ತ ಎದ್ದ. "ಬನ್ರೋ. ಸಾರ್ ಮುಟ್ಟಿದ್ದಕ್ಕೆ ನಾವು ತೊಳೀಬೇಕು. ಸಾರ್, ನೀವು ಆ ಹುಣಸೆ ಮರದ ಕೆಳಗೆ ನಿಂತ್ಕೊಳಿ. ದೂರ. ಇನ್ನೂ ದೂರ!"

ಹೀಗೆ ನಾನು ಹುಣಸೆ ಮರದ ಕೆಳಗೆ ನಿಂತೆ, ಪಾಠ ತೊಟ್ಟಿಯ ಹತ್ತಿರ ನಡೆಯಿತು. ತನುಜ ಹೇಳಿಕೊಟ್ಟಳು. ಗೂಡು ಬಿಡಿಸಿದ ಮೇಲೆ ಪಟ್ಟಿಗೆ ಅಂಟಿರುವ ರೇಷ್ಮೆ ಎಳೆಯನ್ನು ಬೆಂಕಿ ತೋರಿಸಿ ಸುಡಬೇಕು, ಆದರೆ ಬಿದಿರು ಕಪ್ಪಾಗಬಾರದು. ಇಬ್ಬರು ಎರಡು ತುದಿ ಹಿಡಿದು ಅದ್ದಬೇಕು, ನೂರು ಎಣಿಸಿ ಎತ್ತಬೇಕು. "ಒಂದ್ ಮನೆ ರೋಗ ಇನ್ನೊಂದ್ ಮನೆಗೆ ಹೋಗೋದೇ ಬಾಡಿಗೆ ಚಂದ್ರಿಕೆಯಿಂದ. ಬೇರೆ ಅಂಗಳದಲ್ಲಿ ಬಿಸಿಲಿಗೆ ಹಾಕಿ ಕೊಟ್ಬಿಡ್ತಾರೆ. ನಾವು ಸುಡದೆ, ತೊಳೀದೆ ಒಂದೂ ಹೊರಗೆ ಬಿಡಲ್ಲ" ಅಂದಳು. ಪುಸ್ತಕದಲ್ಲಿ ಇದಕ್ಕೆ ಗುಣಮಟ್ಟ ನಿಯಂತ್ರಣ ಎಂಬ ಹೆಸರಿದೆ. ಮರದ ಕೆಳಗಿನಿಂದ ಕೂಗಿ ಹೇಳಬೇಕೆನ್ನಿಸಿತು. ಹೇಳಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಚೆನ್ನರಾಯಪ್ಪ ಎಂಬ ರೈತ ಬಂದರು. ಚಿಂತಾಮಣಿ ಕಡೆಯ ಹಳ್ಳಿಯವರು. ಬಂದವರೇ ಸಾಲು ಎಣಿಸಿದರು. "ಐವತ್ತು ಅಂದಿದ್ನಲ್ಲಮ್ಮ. ಮೂವತ್ತೇ ಐತಲ್ಲ?"

"ಇಪ್ಪತ್ತು ಈಗ ತೊಳೀತಿದೀವಿ ಮಾವ. ಆರು ಗಂಟೆಗೆ ಒಣಗ್ತವೆ."

"ಆರಾ? ಅಲ್ಲಿ ಹುಳ ತಲೆ ಎತ್ತಿ ಆಡಿಸ್ತಾ ಅವೆ! ಹಸೀದೇ ಹೇರು."

"ಹಸೀದು ಕೊಡಲ್ಲ."

"ಯಾಕ್ ತೊಳ್ದಿದ್ದು ಮತ್ತೆ ತೊಳೀತಿದೀಯ?"

ತನುಜ ಏನಾದರೂ ನೆಪ ಹೇಳಬಹುದಿತ್ತು. ಹೇಳಲಿಲ್ಲ. "ನಮ್ಮ ಸಾರ್ ಮುಲಾಮಿನ ಕೈಲಿ ಮುಟ್ಬಿಟ್ರು."

ಚೆನ್ನರಾಯಪ್ಪ ಹುಣಸೆ ಮರದ ಕಡೆ ತಿರುಗಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ಇವ್ರಾ ನಿಮ್ಗೆ ಬಿಸಿನೆಸ್ ಹೇಳ್ಕೊಡೋರು?" ಇಪ್ಪತ್ತಾರು ಜನರೂ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಆಚೆ ಅಂಗಳದಲ್ಲಿ ರೆಡಿ ಅವೆ. ಅಲ್ಲೇ ತಗೊಂತೀನಿ."

"ತಗೊಳಿ ಮಾವ. ದಸರಾ ಬೆಳೆಗೂ ಅಲ್ಲೇ ತಗೊಂಡಿದ್ರಿ. ಸುಣ್ಣಕಟ್ಟು ರೋಗ ಬಂದು ಹುಳ ಎಲ್ಲ ಬೆಳ್ಳಗೆ ಸುಣ್ಣದ ಕಡ್ಡಿ ಥರ ಆಯ್ತು ಅಂತ ಇಲ್ಲೇ ಕೂತ್ಕೊಂಡು ಹೇಳಿದ್ರಲ್ಲ." ಅವಳ ಕೈ ತೊಟ್ಟಿಯಲ್ಲೇ ಇತ್ತು. "ಮೂವತ್ತು ಈಗ ತಗೊಂಡ್ಹೋಗಿ ಮೊದಲ ಹಣ್ಣು ಬಿಡಿ. ಇಪ್ಪತ್ತನ್ನ ಏಳು ಗಂಟೆಗೆ ಅಪ್ಪ ನಿಮ್ಮ ಬಾಗಿಲಿಗೆ ತರ್ತಾರೆ. ಬರಲಿಲ್ಲ ಅಂದ್ರೆ ನಾಳೆಯಿಂದ ನಮ್ ಅಂಗಳಕ್ಕೆ ಬರ್ಬೇಡಿ."

ಅವರು ಮತ್ತೆ ಟವೆಲ್ಲು ತೆಗೆದು ಸೊಂಟಕ್ಕೆ ಸುತ್ತಿ, ಮೂವತ್ತನ್ನು ಹೇರಲು ಹೋದರು. "ನಿಮ್ಮಮ್ಮನಿಗಿಂತ ಮೊಂಡಿ ಕಣೇ ನೀನು."

"ಅದಕ್ಕೇ ನಮ್ಮಮ್ಮ ನನ್ನ ಲೆಕ್ಕಕ್ಕೆ ಕೂರ್ಸಿರೋದು."

ಇಪ್ಪತ್ತು ಚಂದ್ರಿಕೆ ಆರೂವರೆಗೆ ಹೊರಟವು. ಅಲ್ಲಿಯವರೆಗೂ ಒಬ್ಬರೂ ಮನೆಗೆ ಹೋಗಲಿಲ್ಲ. ನಾನು ಮರದ ಕೆಳಗಿನಿಂದಲೇ ಹಾಜರಿ ಕೂಗಿದೆ.

ಮಾರನೆಯ ದಿನ ಅಟೆಂಡರ್ ಬಯ್ಯಪ್ಪ ಸ್ಟಾಫ್ ರೂಮಿಗೆ ಒಂದು ಲಕೋಟೆ ತಂದರು. ಒಬ್ಬ ಹುಡುಗಿಯ ತಂದೆ ಬಂದು, ಡಿಗ್ರಿ ಓದಲು ಕಳಿಸಿದರೆ ಚಂದ್ರಿಕೆ ತೊಳೆಸುತ್ತಾರೆ ಎಂದು ಗಲಾಟೆ ಮಾಡಿ ಹೋಗಿದ್ದರಂತೆ. ಲಿಖಿತ ಅನುಮತಿ ಇಲ್ಲದೆ ವಿದ್ಯಾರ್ಥಿಗಳನ್ನು ಹೊರಗೆ ಕರೆದೊಯ್ಯಬಾರದು, ಮೀರಿದರೆ ಕ್ರಮ ಕೈಗೊಳ್ಳಲಾಗುವುದು ಎಂದು ಒಳಗಿದ್ದ ಪ್ರಿನ್ಸಿಪಾಲರ ಪತ್ರದಲ್ಲಿತ್ತು.

"ಸೈನ್ ಮಾಡಿ ಸಾರ್, ಮುಟ್ಟಿದೆ ಅಂತ" ಅಂದರು ಬಯ್ಯಪ್ಪ. ಮಾಡಿದೆ. "ಇವತ್ತು ಹೋಗಲ್ವಲ್ಲ?"

"ಹೋಗ್ತೀನಿ ಬಯ್ಯಪ್ಪ."

"ಹೆದ್ರಿಕೆ ಆಗಲ್ವಾ ಸಾರ್ ನಿಮಗೆ?"

"ತುಂಬಾ ಆಗ್ತದೆ."

ಹೋದೆ. ಉಳಿದ ಐದು ದಿನವೂ ಹೋದೆ. ಡಬ್ಬಿಯನ್ನು ಚಿಕ್ಕಬಳ್ಳಾಪುರದ ಕೋಣೆಯಲ್ಲೇ ಬಿಟ್ಟು, ತಲೆನೋವನ್ನು ಹಾಗೇ ಹೊತ್ತುಕೊಂಡು ಹೋದೆ. ಮೂರನೇ ದಿನದಿಂದ ಆಂಜಿನಮ್ಮ ನನ್ನ ಕೈ ಮೂಸಿ ನೋಡಿ ಚಂದ್ರಿಕೆ ಹಿಡಿಯಲು ಬಿಟ್ಟರು. ಕೊನೆಯ ದಿನ ಮೂವತ್ತೇಳು ಜನ ಬಂದಿದ್ದರು. ಗಲಾಟೆ ಮಾಡಿದ ತಂದೆಯ ಮಗಳೂ ಇದ್ದಳು. ಎಲ್ಲರೂ ಬದಲಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಹನ್ನೊಂದು ಜನ ಮಾತ್ರ ನೀಲಿ ರಟ್ಟು ವಾಪಸು ತೆಗೆದುಕೊಂಡು, ತಮ್ಮ ಮನೆಯ ಕೆಲಸದ ಮೇಲೆ ಹೊಸದಾಗಿ ವರದಿ ಬರೆದರು. ಸಿದ್ಧಾರ್ಥ ಅವನ ದೊಡ್ಡಮ್ಮನ ಹೂವಿನ ವ್ಯಾಪಾರದ ಮೇಲೆ ಬರೆದ. ಉಳಿದವರದು ಮೇಣದ ಬತ್ತಿಯಾಗಿಯೇ ಉಳಿಯಿತು, ಅದಕ್ಕೆ ತಕ್ಕ ಅಂಕವನ್ನೇ ಕೊಟ್ಟೆ. ತನುಜಳದು ಕೈಬರಹದ ನಲವತ್ತು ಪುಟ. ಹೆಸರು: 'ಹುಳ ಹಣ್ಣಾಗುವ ದಿನ.'

ಹಾಜರಾತಿ ಪಟ್ಟಿ ಕಳಿಸುವ ಕೊನೆಯ ದಿನ ರಿಜಿಸ್ಟರ್ ತೆಗೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದೆ. ತನುಜಳ ಹೆಸರಿನ ಮುಂದೆ ನಲವತ್ತೈದು. ಹದಿನೈದು ಆಬ್ಸೆಂಟ್ ಹಾಗೇ ಇದ್ದವು, ಒಂದೊಂದರ ಪಕ್ಕದಲ್ಲೂ ಅವಳು ಹೇಳಿದಂತೆ ಆ ದಿನದ ಊರಿನ ಹೆಸರು ಬರೆದಿದ್ದೆ.

"ಈ ಹನ್ನೆರಡು ಗಂಟೆ ಲೆಕ್ಕಕ್ಕಿಲ್ಲ" ಅಂದರು ಮಧುಸೂದನ್ ಸಾರ್. "ಕಾಲೇಜಿನ ಹೊರಗೆ, ನನ್ನ ಮಾತು ಮೀರಿ ಮಾಡಿದ ಕ್ಲಾಸು ಕ್ಲಾಸೇ ಅಲ್ಲ. ಅವುಗಳನ್ನ ಹೊಡೆದುಹಾಕಿ."

ಪುಸ್ತಿಕೆ ತೆಗೆದು ಐದನೇ ಘಟಕ ತೋರಿಸಿದೆ. "ಮಾತು ಮೀರಿದ್ದು ನನ್ನ ತಪ್ಪು ಸಾರ್. ಅದಕ್ಕೆ ನನಗೆ ಏನು ಬೇಕಾದರೂ ಮಾಡಿ. ಆದರೆ ಆ ಗಂಟೆಗಳು ಆಗಿವೆ. ಅವಳು ಬಾರದ ಕ್ಲಾಸಿಗೆ ಪ್ರೆಸೆಂಟ್ ಹಾಕು ಅಂದಿದ್ರಿ, ಹಾಕಲಿಲ್ಲ. ಆದ ಕ್ಲಾಸನ್ನ ಹೊಡೆದು ಹಾಕು ಅಂತೀರಿ. ಅದನ್ನೂ ಮಾಡಲ್ಲ."

"ಒಂದು ಹುಡುಗಿಗೋಸ್ಕರ..."

"ಒಬ್ಬಳಿಗೇ ಹೊಡೆಯೋಕಾಗಲ್ಲ ಸಾರ್. ಹೊಡೆದ್ರೆ ಎಲ್ಲರಿಗೂ ಹೊಡೀಬೇಕು."

ಬಾಗಿಲಲ್ಲಿ ಸದ್ದಾಯಿತು. ಬಯ್ಯಪ್ಪನ ತಡೆದ ಕೈಯ ಕೆಳಗಿಂದ ಸಿದ್ಧಾರ್ಥ ತಲೆ ತೂರಿಸಿದ್ದ. ಹಿಂದೆ ಇನ್ನೂ ಏಳೆಂಟು ಜನ. "ಸಾರ್, ಅದು ಹೊಡೆದ್ರೆ ನಂಗೂ ಶಾರ್ಟೇಜು ಬರ್ತದೆ. ನಲವತ್ತೆಂಟಕ್ಕೆ ಮೂವತ್ತನಾಲ್ಕು."

"ನಿನ್ನನ್ನ ಯಾರೋ ಕರೆದಿದ್ದು?"

"ಯಾರೂ ಕರೀಲಿಲ್ಲ ಸಾರ್. ನಾನೂ ಅಲ್ಲೇ ಇದ್ದೆ, ಅದನ್ನ ಹೇಳೋಕ್ ಬಂದೆ. ಕೈ ನೋಡಿ." ಎರಡೂ ಅಂಗೈ ಚಾಚಿದ. ಬ್ಲೀಚಿಂಗ್ ನೀರಿಗೆ ಚರ್ಮ ಬಿಳಿಚಿ ಸುಲಿದಿತ್ತು. ಹಿಂದಿದ್ದವರೂ ಒಬ್ಬೊಬ್ಬರಾಗಿ ಕೈ ಚಾಚಿದರು. ತನುಜ ಅವರ ಜೊತೆ ಇರಲಿಲ್ಲ. ಅವತ್ತು ಇನ್ನೊಂದು ಊರಿನ ಹುಳ ಹಣ್ಣಾಗಿತ್ತು.

ಮಧುಸೂದನ್ ಸಾರ್ ಆ ಕೈಗಳನ್ನು ನೋಡಿದರು, ಆಮೇಲೆ ರಿಜಿಸ್ಟರಿನಲ್ಲಿ ಬರೆದಿದ್ದ ಊರಿನ ಹೆಸರುಗಳನ್ನು ಬೆರಳಿಟ್ಟು ಓದಿದರು. ತಪಾಸಣೆಯವರು ಐದನೇ ಘಟಕದ ಬಗ್ಗೆ ಕೇಳಿದರೆ ಏನು ತೋರಿಸುವುದೆಂದು ಯೋಚಿಸಿದರೋ, ಬೇರೇನು ಯೋಚಿಸಿದರೋ ನನಗೆ ಗೊತ್ತಿಲ್ಲ. ಪೆನ್ನು ತೆಗೆದು ಸಹಿ ಮಾಡಿದರು. ರಿಜಿಸ್ಟರ್ ನನ್ನ ಕಡೆ ತಳ್ಳಿ, "ಜನವರಿಗೆ ನಿಮ್ಮ ಅವಶ್ಯಕತೆ ಇರಲ್ಲ ಕನಕರಾಜ್" ಅಂದರು.

"ಗೊತ್ತು ಸಾರ್. ಆದ್ರೂ ನಾನು ಅರ್ಜಿ ಹಾಕೇ ಹಾಕ್ತೀನಿ" ಎಂದೆ. ಆ ಮಾತು ನನ್ನದೇ ಎಂದು ನಂಬಲು ಬಸ್ ನಿಲ್ದಾಣದವರೆಗೆ ನಡೆಯಬೇಕಾಯಿತು.

ಡಿಸೆಂಬರ್‌ನಲ್ಲಿ ಪರೀಕ್ಷೆ. ನನ್ನ ವಿಷಯದ ದಿನ ನನ್ನನ್ನು ಪರೀಕ್ಷಾ ಕೋಣೆಯ ಮೇಲ್ವಿಚಾರಣೆಗೆ ಹಾಕುವಂತಿರಲಿಲ್ಲ. ಕಾರಿಡಾರಿನಲ್ಲಿ ಸುಮ್ಮನೆ ಓಡಾಡುತ್ತಿದ್ದೆ. ಮೊದಲ ಪ್ರಶ್ನೆ ಉದ್ಯಮಿಯ ಲಕ್ಷಣಗಳನ್ನು ವಿವರಿಸಿ ಎಂದು ಬಯ್ಯಪ್ಪ ಹೇಳಿದ್ದರು. ಪರೀಕ್ಷೆ ಶುರುವಾಗಿ ಒಂದೂವರೆ ಗಂಟೆ ಕಳೆದ ಬೆಲ್ಲು ಹೊಡೆಯಿತು. ಅದಕ್ಕೆ ಮುಂಚೆ ಯಾರೂ ಏಳುವಂತಿಲ್ಲ. ಬೆಲ್ಲಿನ ಸದ್ದು ನಿಲ್ಲುವ ಮೊದಲೇ ತನುಜ ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದಳು.

ಅವಳ ಎದುರಿಗೆ ಓಡಿದೆ. "ಏನಮ್ಮ? ಇನ್ನೂ ಒಂದೂವರೆ ಗಂಟೆ ಐತಲ್ಲ!"

"ಹುಳಕ್ಕೆ ಇಲ್ಲ ಸಾರ್. ಅಪ್ಪ ಗೇಟ್ ಹತ್ರ ಟೆಂಪೋ ನಿಲ್ಸವ್ರೆ."

"ಎಲ್ಲ ಬರೆದ್ಯಾ?"

"ಪಾಸಾಗೋಷ್ಟು ಬರೆದೆ." ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಮಧುಸೂದನ್ ಸಾರ್ ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. "ಯಾರದು ಅರ್ಧಕ್ಕೇ ಎದ್ದಿರೋದು? ಕನಕರಾಜ್, ಕರೀರಿ ಅವಳನ್ನ."

"ಬೆಲ್ಲಾಗಿದೆ ಸಾರ್. ಹೋಗಬಹುದು" ಎಂದೆ. ನಾನು ಕರೆಯಲಿಲ್ಲ.

ಗೇಟಿನ ಆಚೆ ತನುಜಳ ಅಪ್ಪ ವೆಂಕಟರವಣಪ್ಪನವರ ಟೆಂಪೋ ಗುರುಗುಡುತ್ತಿತ್ತು. ಚಂದ್ರಿಕೆಗಳು ಆಳೆತ್ತರಕ್ಕೆ ಏರಿದ್ದವು, ಹಗ್ಗ ಇನ್ನೂ ಕಟ್ಟಿರಲಿಲ್ಲ. ತನುಜ ಹಾಲ್ ಟಿಕೆಟನ್ನು ಬಾಯಲ್ಲಿ ಕಚ್ಚಿಕೊಂಡು ಹಗ್ಗದ ಒಂದು ತುದಿ ಎಳೆಯುತ್ತಿದ್ದಳು. ಇನ್ನೊಂದು ತುದಿ ನೆಲದಲ್ಲಿ ಬಿದ್ದಿತ್ತು. ನನಗೆ ಅವತ್ತು ಕಾಲೇಜಿನಲ್ಲಿ ಮಾಡುವ ಕೆಲಸ ಏನೂ ಇರಲಿಲ್ಲ. ಹೋಗಿ ಆ ತುದಿ ಹಿಡಿದೆ.

ಅವಳು ಹಾಲ್ ಟಿಕೆಟ್ ಬಾಯಿಂದ ತೆಗೆದಳು. "ಸಾರ್, ಕೈ?"

ಮೂಸಿ ನೋಡಿಕೊಂಡೆ. "ಏನೂ ಹಚ್ಚಿಲ್ಲಮ್ಮ."

ತಲೆ ಸಿಡಿಯುತ್ತಿತ್ತು. ಹಗ್ಗ ಬಿಗಿಯಾಗಿ ಎಳೆದು ಕಟ್ಟಿ, ಹಿಂದೆ ಹತ್ತಿ ಕೂತೆ.